ಬಿತ್ತುವ ಮುಂಚೆ ಮೋಡದಲ್ಲಿ ಏನಿದೆ ನೋಡಿ

ರಾಜ್ಯದ ಪರಿಸರ ಸಚಿವರಿಗೆ, ಗ್ರಾಮೀಣಾಭಿವೃದ್ಧಿ ಸಚಿವರಿಗೆ, ಮತ್ತು ಮೋಡ ಬಿತ್ತನೆಯ ಕಡತ ಈಗ ಯಾರ ಟೇಬಲ್ ಮೇಲಿದೆಯೋ ಆ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮಾಸ್ತರ. ನಮ್ಮ ಕಡೆ ಜುಲೈ ಬಂದರೆ ಆಕಾಶದಲ್ಲಿ ಮೋಡಕ್ಕೇನೂ ಬರ ಇರುವುದಿಲ್ಲ. ಪಡುವಣ ಗಾಳಿ ಬೀಸುತ್ತಲೇ ಇರುತ್ತದೆ. ಮೋಡಗಳು ಬಸ್ಸು ತಪ್ಪೀತು ಅನ್ನೋ ಹಾಗೆ ಓಡುತ್ತಲೇ ಇರುತ್ತವೆ. ಕಟ್ಟೆ ಮೇಲೆ ಕೂತವರು ಒಂದು ಸಲ ಮೇಲೆ ನೋಡುತ್ತಾರೆ, ಮತ್ತೆ ಬೀಡಿ ಹಚ್ಚುತ್ತಾರೆ. ಮೋಡ ಬಂತು, ನೆರಳು ಕೊಟ್ಟಿತು, ತೆಲಂಗಾಣದ ಕಡೆ ಹೋಯಿತು. ತೊಗರಿ ಬಿತ್ತಿದವನಿಗೆ ನೆರಳು ಕಟ್ಟಿಕೊಂಡು ಏನಾಗಬೇಕು?

ಹಾಗಾಗಿ ಬರದ ವರ್ಷ ಬಂತೆಂದರೆ ಮೋಡ ಬಿತ್ತನೆಯ, ಅಂದರೆ ಮೋಡಕ್ಕೆ ಉಪ್ಪಿನಂಥ ಕಣ ಎರಚಿ ಮಳೆ ತರಿಸುವ ವಿಮಾನದ ಮಾತು ಬರುತ್ತದೆ. 2003ರಲ್ಲಿ ‘ವರುಣ’ ಅಂತ ಬಂತು. 2017ರ ಆಗಸ್ಟ್‌ನಲ್ಲಿ ಜಕ್ಕೂರಿನಿಂದ ‘ವರ್ಷಧಾರೆ’ ಹಾರಿತು. 2023ರಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾದಾಗ ಮತ್ತೆ ಅದೇ ಮಾತು. ಮುಂದಿನ ಬರಕ್ಕೂ ಬಂದೇ ಬರುತ್ತದೆ. ನಾನು ಅದನ್ನು ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ. ವಿಮಾನ ಹಾರಿಸುವ ಮುಂಚೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಆ ಮೋಡದಲ್ಲಿ ಈಗಾಗಲೇ ಏನು ಬಿತ್ತಿದ್ದೇವೆ?

ತರಗತಿಯಲ್ಲಿ ಪ್ರತಿ ವರ್ಷ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಖರ್ಚಿಲ್ಲದ ಪ್ರಯೋಗ. ಒಂದು ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿ, ತಳದಲ್ಲಿ ಎರಡು ಚಮಚ ಉಗುರು ಬೆಚ್ಚಗಿನ ನೀರು. ಮುಚ್ಚಳ ಬಿಗಿ ಮಾಡಿ ಜೋರಾಗಿ ಹಿಂಡಿ ಫಟ್ಟನೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಮಂಜು ಕಟ್ಟಬೇಕು, ಅಲ್ವಾ? ಕಟ್ಟುವುದಿಲ್ಲ. ಕಟ್ಟಿದರೂ ಕಣ್ಣಿಗೆ ಬೀಳದಷ್ಟು. ಈಗ ಒಂದು ಕಡ್ಡಿ ಗೀರಿ, ಆರಿಸಿ, ಆ ಹೊಗೆಯನ್ನು ಬಾಟಲಿಯೊಳಗೆ ಬಿಡಿ. ಮತ್ತೆ ಹಿಂಡಿ, ಬಿಡಿ. ಬೆಳ್ಳನೆ ಮೋಡ! ಹಿಂಡಿದರೆ ಮಾಯ, ಬಿಟ್ಟರೆ ಹಾಜರು. ಹಿಂದಿನ ಬೆಂಚಿನವರೂ ಎದ್ದು ಬರುತ್ತಿದ್ದರು. ಸ್ಕಾಟ್ಲೆಂಡಿನ ಜಾನ್ ಐಟ್ಕನ್ 1880ರ ದಶಕದಲ್ಲಿ ಗಾಜಿನ ಬುರುಡೆಗಳಲ್ಲಿ ತೋರಿಸಿದ್ದು ಇದನ್ನೇ. ಕಣ ಇಲ್ಲದ ಗಾಳಿಯಲ್ಲಿ ಮೋಡ ಹುಟ್ಟಬೇಕಾದರೆ ಗಾಳಿ ಹಿಡಿಯಬಲ್ಲದ್ದಕ್ಕಿಂತ ಹಲವು ಪಟ್ಟು ಆವಿ ತುಂಬಬೇಕು. ಕಣ ಇದ್ದರೆ ಒಂದು ಪರ್ಸೆಂಟಿಗಿಂತ ಕಡಿಮೆ ಹೆಚ್ಚಾದರೂ ಸಾಕು.

ಒಂದು ವರ್ಷ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ಹಂಗಾದ್ರ ಹೊಗಿ ಜಾಸ್ತಿ ಬಿಟ್ರ ಮಳಿ ಜಾಸ್ತಿ ಬರ್ತದೇನ್ರೀ?”

ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ‘ಬಾಟಲಿನೇ ಬೇರೆ, ಆಕಾಶನೇ ಬೇರೆ ಕೂತ್ಕೋ’ ಅಂದುಬಿಟ್ಟೆ. ಆಮೇಲೆ ಓದುತ್ತಾ ಹೋದ ಹಾಗೆ ಗೊತ್ತಾಯಿತು, ಆ ಹುಡುಗಿ ಕೇಳಿದ್ದು ಮೋಡ ವಿಜ್ಞಾನದ ಅತಿ ದೊಡ್ಡ ಪ್ರಶ್ನೆಗಳಲ್ಲಿ ಒಂದು. ಈಗ ಅವಳು ಎಲ್ಲಿದ್ದಾಳೋ. ಉತ್ತರವನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಅಡುಗೆಮನೆಗೆ ಬನ್ನಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಮುಚ್ಚಳ ಸರಿಯಾಗಿ ಹಾಕದಿದ್ದರೆ ಉಪ್ಪು ನೀರೊಡೆಯುತ್ತದೆ. ಬೆಲ್ಲದ ಅಚ್ಚೂ ಮೈಯೆಲ್ಲ ಜಿಗುಟಾಗುತ್ತದೆ, ಆದರೆ ಉಪ್ಪಿನಷ್ಟು ಬೇಗ ಅಲ್ಲ. ಹಂಡೆಯ ತಳದ ಮಸಿಗೆ ನೀರು ಚಿಮುಕಿಸಿ, ಹನಿ ಹನಿಯಾಗಿ ಜಾರಿ ಹೋಗುತ್ತದೆ, ಮಸಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಾಳಿಯಲ್ಲಿ ತೇಲುವ ಕಣಗಳ ಸ್ವಭಾವವೂ ಹೀಗೇ. ಎಲ್ಲ ಕಣವೂ ಒಂದೇ ಅಲ್ಲ. 2007ರಲ್ಲಿ ವಿಜ್ಞಾನಿಗಳು ಈ ನೀರಿನ ಆಸೆಗೆ ಒಂದು ಅಳತೆ ಮಾಡಿಟ್ಟರು, ಅದಕ್ಕೆ ಕಪ್ಪಾ ಅನ್ನುತ್ತಾರೆ. ಅಡುಗೆ ಉಪ್ಪಿಗೆ ಒಂದಕ್ಕಿಂತ ತುಸು ಜಾಸ್ತಿ. ಗಂಧಕದಿಂದ ಆಗುವ ಅಮೋನಿಯಂ ಸಲ್ಫೇಟಿಗೆ 0.6ರ ಹತ್ತಿರ. ಸೌದೆ, ಎಲೆ, ಎಣ್ಣೆ ಉರಿದು ಬರುವ ಸಾವಯವ ಕಣಗಳಿಗೆ 0.1ರ ಆಸುಪಾಸು. ಆಗಷ್ಟೇ ಹುಟ್ಟಿದ ಮಸಿಗೆ ಸೊನ್ನೆಗೆ ಹತ್ತಿರ.

ನೀರಿನ ಆಸೆ ಯಾಕೆ ಮುಖ್ಯ ಅಂದರೆ, ಹನಿ ತೀರಾ ಸಣ್ಣದಿರುವಾಗ ಅದರ ಮೈ ತುಂಬ ಬಾಗಿರುತ್ತದೆ. ಬಾಗಿದ ಮೈಯಿಂದ ನೀರು ಬೇಗ ಆರಿಹೋಗುತ್ತದೆ. ಒಳಗೆ ಕರಗಿದ ಉಪ್ಪು ಮಾತ್ರ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೋಗುತ್ತೇನೆ ಅನ್ನುವ ನೀರಿಗೂ ಬಿಡುವುದಿಲ್ಲ ಅನ್ನುವ ಉಪ್ಪಿಗೂ ಹಗ್ಗ ಜಗ್ಗಾಟ. ಇದರ ಲೆಕ್ಕವನ್ನು ಸ್ವೀಡನ್ನಿನ ಹಿಲ್ಡಿಂಗ್ ಕೋಹ್ಲರ್ 1936ರಲ್ಲಿ ಬರೆದಿಟ್ಟ. ಒಂದು ಗಾತ್ರ ದಾಟಿತೆಂದರೆ ಉಪ್ಪು ಗೆದ್ದ ಹಾಗೆ, ಹನಿ ತಾನಾಗಿಯೇ ಬೆಳೆಯುತ್ತದೆ. ದಾಟದಿದ್ದರೆ ಅದು ಮಬ್ಬಾಗಿಯೇ ಉಳಿಯುತ್ತದೆ. ಗಾತ್ರ ಒಂದೇ ಇದ್ದರೂ ಉಪ್ಪಿನ ಕಣ ದಾಟುತ್ತದೆ, ಮಸಿಯ ಕಣ ದಾಟುವುದಿಲ್ಲ. ಆ ಮಸಿಯ ಮೇಲೆ ದಾರಿಯಲ್ಲಿ ಒಂದು ಪದರ ಸಲ್ಫೇಟ್ ಕೂತರೆ, ಅದೂ ದಾಟಲು ಶುರುಮಾಡುತ್ತದೆ.

ಈಗ ಹುಡುಗಿಯ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ರೈತರಿಗೆ ಗೊತ್ತು, ಬೇರೆ ಹೆಸರಲ್ಲಿ. ಕೂರಿಗೆಯಲ್ಲಿ ಬೀಜ ಒತ್ತಾಗಿ ಬಿದ್ದರೆ ಏನಾಗುತ್ತದೆ? ಸಾಲು ಹಸಿರಾಗಿ ತುಂಬಿ ಕಾಣುತ್ತದೆ. ಆದರೆ ಎಲ್ಲಕ್ಕೂ ಅದೇ ತೇವ, ಅದೇ ಗೊಬ್ಬರ. ದಂಟು ಸಪೂರ, ತೆನೆ ಸಣ್ಣದು. ಮೋಡದಲ್ಲೂ ಅಷ್ಟೇ. ನೀರು ಇದ್ದಷ್ಟೇ ಇರುತ್ತದೆ. ಬೀಜ ಜಾಸ್ತಿಯಾದರೆ ಹನಿ ಬಡವಾಗುತ್ತದೆ.

ಲೆಕ್ಕ ಹಾಕೋಣ, ಎಸ್ಸೆಸ್ಸೆಲ್ಸಿ ಲೆಕ್ಕ. ಒಂದು ಘನ ಮೀಟರ್ ಮೋಡದಲ್ಲಿ ಒಂದು ಗ್ರಾಂ ನೀರು ಇದೆ ಅನ್ನಿ. ಸಮುದ್ರದ ಮೇಲಿನ ಚೊಕ್ಕ ಗಾಳಿಯಲ್ಲಿ ಗೋಲಿಯಷ್ಟು ಜಾಗಕ್ಕೆ, ಅಂದರೆ ಒಂದು ಘನ ಸೆಂಟಿಮೀಟರಿಗೆ, ನೂರರ ಆಸುಪಾಸು ಹನಿ ಇರುತ್ತವೆ. ಆಗ ಒಂದೊಂದು ಹನಿಯ ತ್ರಿಜ್ಯ 13 ಮೈಕ್ರಾನ್ ಬರುತ್ತದೆ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಹೊಗೆ ತುಂಬಿದ ನೆಲದ ಮೇಲೆ ಅದೇ ಜಾಗದಲ್ಲಿ ಸಾವಿರ ಹನಿ. ಆಗ ತ್ರಿಜ್ಯ 6 ಮೈಕ್ರಾನ್. ಇದರಲ್ಲೇನು ದೊಡ್ಡ ವ್ಯತ್ಯಾಸ ಅನ್ನಬೇಡಿ. ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಸೇರಿಕೊಂಡು ಮಳೆಯಾಗಲು ಸುಮಾರು 14 ಮೈಕ್ರಾನ್ ಮುಟ್ಟಬೇಕು. 13ರಲ್ಲಿರುವ ಮೋಡ ಬಾಗಿಲಲ್ಲಿ ನಿಂತಿದೆ. 6ರಲ್ಲಿರುವ ಮೋಡ ಇನ್ನೂ ಊರಾಚೆ ಇದೆ. ಸಣ್ಣ ಹನಿ ಗಾಳಿ ಜೊತೆಗೇ ಹೋಗುತ್ತವೆ, ಪಕ್ಕದ ಹನಿಗೆ ತಾಗುವುದೇ ಇಲ್ಲ. ಒಂದು ಮಿಲಿಮೀಟರ್ ತ್ರಿಜ್ಯದ ಒಂದು ಮಳೆಹನಿ ಆಗಬೇಕಾದರೆ 10 ಮೈಕ್ರಾನಿನ ಹತ್ತು ಲಕ್ಷ ಹನಿ ಒಟ್ಟುಗೂಡಬೇಕು, ಗೊತ್ತಿರಲಿ.

ಎಲ್ಲ ಮೋಡದ ಕಥೆಯೂ ಇದೇ ಅಲ್ಲ, ಅದನ್ನೂ ಹೇಳಬೇಕು. ತುಂಬ ಎತ್ತರಕ್ಕೆ ಬೆಳೆಯುವ ಗುಡುಗಿನ ಮೋಡದಲ್ಲಿ ಮಳೆ ತಡವಾದರೂ ಮೇಲೆ ಹೋಗಿ ಹಿಮಗಟ್ಟಿ ಒಮ್ಮೆಲೇ ಸುರಿಯಬಹುದು ಅಂತ ಒಂದು ವಾದ ಇದೆ. ವಿಜ್ಞಾನಿಗಳಲ್ಲಿ ಇನ್ನೂ ತಕರಾರು ನಡೆದಿದೆ. ಆದರೆ ನಮ್ಮ ತಲೆ ಮೇಲೆ ಓಡಿಹೋಗುವವು ಹೆಚ್ಚಾಗಿ ಅಷ್ಟು ಎತ್ತರ ಏರದ ಮೋಡಗಳು. ಪಶ್ಚಿಮಘಟ್ಟ ದಾಟುವಾಗಲೇ ಅರ್ಧ ಜೀವ ಕಳಕೊಂಡು ಬಂದವು. ಅವಕ್ಕೆ ಒತ್ತಾದ ಬಿತ್ತನೆ ತಡೆದುಕೊಳ್ಳುವ ಶಕ್ತಿ ಕಡಿಮೆ.

ಈ ಬೀಜ ಬರುವುದು ಎಲ್ಲಿಂದ?

ಮಾನ್ಯ ಸಚಿವರೇ, ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡಿತಿನಿ, ಈ ಮೂರೂ ಕಡೆಯ ಕಲ್ಲಿದ್ದಲು ಸ್ಥಾವರಗಳ ಸಾಮರ್ಥ್ಯ ಸೇರಿಸಿದರೆ 5,000 ಮೆಗಾವ್ಯಾಟ್ ದಾಟುತ್ತದೆ. ನನ್ನ ಮನೆ ಫ್ಯಾನೂ ಅದರಿಂದಲೇ ತಿರುಗುತ್ತದೆ, ಹಾಗಾಗಿ ಬೈಯುವ ಹಕ್ಕು ನನಗೆ ಪೂರ್ತಿ ಇಲ್ಲ. ಆದರೆ ಲೆಕ್ಕ ಕೇಳುವ ಹಕ್ಕಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಗಂಧಕ ಕಡಿಮೆ, ಅರ್ಧ ಪರ್ಸೆಂಟ್ ಆಸುಪಾಸು. ಗಂಧಕದ ಅನಿಲ ಹಿಡಿಯುವ ಯಂತ್ರ ನಮಗೆ ಯಾಕೆ ಅನ್ನುವವರು ಕೊಡುವ ಕಾರಣ ಇದೇ. ಸರಿ, ಅರ್ಧ ಪರ್ಸೆಂಟೇ ಇರಲಿ. ಒಂದು ಯೂನಿಟ್ ಕರೆಂಟಿಗೆ ಹೆಚ್ಚು ಕಡಿಮೆ 700 ಗ್ರಾಂ ಕಲ್ಲಿದ್ದಲು. 1,000 ಮೆಗಾವ್ಯಾಟ್ ಸ್ಥಾವರ ಪೂರ್ತಿ ಓಡಿದರೆ ದಿನಕ್ಕೆ 16,800 ಟನ್. ಅದರಲ್ಲಿ ಗಂಧಕ 84 ಟನ್. ಉರಿದು ಆಮ್ಲಜನಕ ಸೇರಿದಾಗ ತೂಕ ದುಪ್ಪಟ್ಟು, 168 ಟನ್ ಸಲ್ಫರ್ ಡೈಆಕ್ಸೈಡ್. ಒಂದೇ ದಿನಕ್ಕೆ. ಹಿಡಿಯುವ ಯಂತ್ರ ಇಲ್ಲದಿದ್ದರೆ ಇದರಲ್ಲಿ ಬಹುಪಾಲು ಆಕಾಶಕ್ಕೇ.

ಈ ಅನಿಲ ಕಣ್ಣಿಗೆ ಕಾಣುವುದಿಲ್ಲ. ಬೂದಿಯನ್ನು ಚಿಮಣಿಯ ಮುಂಚೆಯೇ ವಿದ್ಯುತ್ ಬಲೆ ಹಿಡಿಯುತ್ತದೆ, ಆದ್ದರಿಂದ ಬಾಯಲ್ಲಿ ಹೊಗೆ ತೆಳ್ಳಗೆ ಕಾಣುತ್ತದೆ. ನೋಡಿದವರು ‘ಈಗೆಲ್ಲ ಸುಧಾರಿಸಿದೆ ಬಿಡ್ರಿ’ ಅನ್ನುತ್ತಾರೆ. ಬೂದಿಗೆ ಸುಧಾರಿಸಿದೆ, ನಿಜ. ಅನಿಲ ಮಾತ್ರ ಗಾಳಿ ಜೊತೆ ಹತ್ತಾರು, ನೂರಾರು ಕಿಲೋಮೀಟರ್ ಹೋಗಿ ಅಲ್ಲಿ ಕಣವಾಗುತ್ತದೆ. ಅದರಲ್ಲಿ ಬಹಳಷ್ಟು ಆಗುವುದು ಮೋಡದ ಹನಿಯೊಳಗೇ. ಗಂಧಕದ ಅನಿಲ ಹನಿಯಲ್ಲಿ ಕರಗುತ್ತದೆ, ಅಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಸಲ್ಫೇಟ್ ಮಾಡುತ್ತದೆ. ಹುಟ್ಟಿದ ಮೋಡಗಳಲ್ಲಿ ಹೆಚ್ಚಿನವು ಮಳೆಯಾಗದೆ ಆರಿಹೋಗುತ್ತವೆ, ಅಲ್ವಾ? ಆರಿಹೋದಾಗ ನೀರು ಹೋಯಿತು, ಸಲ್ಫೇಟ್ ಉಳಿಯಿತು. ಮೊದಲಿಗಿಂತ ದಪ್ಪ ಕಣ, ಮೊದಲಿಗಿಂತ ನೀರಿನ ಆಸೆ ಜಾಸ್ತಿ. ಮುಂದಿನ ಮೋಡಕ್ಕೆ ಅದೇ ಬೀಜ. ಒಂದು ಪಾತ್ರೆಯಲ್ಲಿ ಬೇಯಿಸಿ ಇನ್ನೊಂದು ಪಾತ್ರೆಗೆ ಹೆಪ್ಪು ಹಾಕಿದ ಹಾಗೆ.

ರೈತರೂ ಇದರಿಂದ ಹೊರಗಿಲ್ಲ. ಯೂರಿಯಾ ಎರಚಿದ ಮರುದಿನ ಹೊಲದಲ್ಲಿ ಮೂಗಿಗೆ ಬಡಿಯುವ ಘಾಟು ಅಮೋನಿಯಾದ್ದು. ನಾವು ಕಾಸು ಕೊಟ್ಟು ತಂದ ಗೊಬ್ಬರ ಹಾಗೆ ಹಾರಿಹೋಗಿ, ಮೇಲೆ ಸಲ್ಫೇಟಿನ ಜೊತೆ ಗಂಟುಬಿದ್ದು ಅಮೋನಿಯಂ ಸಲ್ಫೇಟ್ ಆಗುತ್ತದೆ. ತಿಪ್ಪೆಗೆ ಬೆಂಕಿ ಇಡುವವರೂ ಹೊರಗಿಲ್ಲ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ. ಅದು ಅಮೋನಿಯಾದ ಜೊತೆ ಸೇರಿ ಆಗುವ ಅಮೋನಿಯಂ ಕ್ಲೋರೈಡ್ ನೀರನ್ನು ಎಷ್ಟು ಹೀರಿ ಮಂಜನ್ನು ಹೇಗೆ ದಟ್ಟ ಮಾಡುತ್ತದೆ ಅನ್ನುವುದನ್ನು ಮದ್ರಾಸ್ ಐಐಟಿಯವರಿದ್ದ ತಂಡ ದೆಹಲಿ, ಚೆನ್ನೈಗಳಲ್ಲಿ ಅಳೆದು 2021ರಲ್ಲಿ ಪ್ರಕಟಿಸಿತು. ನಮ್ಮೂರಿನ ತಿಪ್ಪೆಯಲ್ಲಿ ಏನು ಏಳುತ್ತಿದೆ ಅಂತ ಯಾರು ಅಳೆದಿದ್ದಾರೆ?

ಅಳತೆಯ ಮಾತು ಬಂತು, ಇಲ್ಲೇ ಸ್ವಲ್ಪ ನಿಲ್ಲುತ್ತೇನೆ. ಗಾಳಿಯ ಗುಣಮಟ್ಟ ಅಂತ ನಮಗೆ ದಿನಾ ಸಿಗುವುದು ಪಿಎಂ 10, ಪಿಎಂ 2.5, ಅಂದರೆ 10 ಮತ್ತು 2.5 ಮೈಕ್ರಾನಿನೊಳಗಿನ ಕಣಗಳ ಲೆಕ್ಕ. ಎರಡೂ ತೂಕ, ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳು ಅಂತ. ಶ್ವಾಸಕೋಶಕ್ಕೆ ಈ ಅಂಕಿ ಬೇಕು. ಮೋಡಕ್ಕೆ ಇದು ಸಾಲದು, ಯಾಕೆಂದರೆ ಮೋಡ ತಕ್ಕಡಿ ಹಿಡಿದು ಕೂತಿಲ್ಲ. ಅದು ತಲೆ ಎಣಿಸುತ್ತದೆ, ಜೊತೆಗೆ ಕುಲ ಕೇಳುತ್ತದೆ. ಎಷ್ಟು ಕಣ, ಯಾವುದರಿಂದ ಆದ ಕಣ? 2.5 ಮೈಕ್ರಾನ್ ಅಗಲದ ಒಂದೇ ಒಂದು ಕಣ ತೂಗುವಷ್ಟು ತೂಗಬೇಕಾದರೆ 0.1 ಮೈಕ್ರಾನಿನ 15,625 ಕಣ ಬೇಕು. ಮೋಡಕ್ಕೆ ಬೀಜವಾಗುವ ಕಣಗಳಲ್ಲಿ ಎಷ್ಟೋ ಇದೇ ಸಣ್ಣ ಗಾತ್ರದವು. ಹೊಲದ ಮಣ್ಣು ಎದ್ದ ದಿನ ತೂಕ ಏರುತ್ತದೆ, ಬೀಜ ಅಷ್ಟಾಗಿ ಏರುವುದಿಲ್ಲ. ಸಲ್ಫೇಟ್ ತುಂಬಿದ ದಿನ ತೂಕ ಸುಮಾರಾಗಿಯೇ ಇರುತ್ತದೆ, ಬೀಜ ಮಾತ್ರ ಒತ್ತೊತ್ತು. ತೂಕದ ಅಂಕಿ ನೋಡಿ ‘ಇವತ್ತು ಗಾಳಿ ಪರವಾಗಿಲ್ಲ’ ಅಂತ ವಿಮಾನ ಹತ್ತಿಸುವುದು, ಹೊಲದಲ್ಲಿ ಎಷ್ಟು ಸಸಿ ಇವೆ ಅಂತ ನೋಡದೆ ಮತ್ತೆ ಕೂರಿಗೆ ಹೂಡಿದ ಹಾಗೆ.

ಮೋಡ ಬಿತ್ತನೆಯಲ್ಲಿ ಎರಡು ಬಗೆ ಅಂತ ತಮಗೆ ಗೊತ್ತಿರುತ್ತದೆ. ಹಿಮ ಕಟ್ಟುವಷ್ಟು ತಣ್ಣಗಿನ ಮೋಡಕ್ಕೆ ಸಿಲ್ವರ್ ಅಯೋಡೈಡ್. ನಮ್ಮ ಬೆಚ್ಚಗಿನ ಮೋಡಕ್ಕೆ ಕ್ಯಾಲ್ಸಿಯಂ ಕ್ಲೋರೈಡಿನಂಥ ಉಪ್ಪು. ಈ ಎರಡನೆಯದರ ಗುಟ್ಟೇ ಪೈಪೋಟಿ. ದಪ್ಪ ಉಪ್ಪಿನ ಕಣಗಳು ಮೊದಲು ನೀರು ಕುಡಿದು ದೊಡ್ಡ ಹನಿಯಾಗುತ್ತವೆ. ಸಣ್ಣ ಕಣಗಳಿಗೆ ಆವಿ ಉಳಿಯುವುದಿಲ್ಲ. ಒಂದು ರೀತಿ ಕಳೆ ಹತ್ತಿಕ್ಕಿದ ಹಾಗೆ. ಆದರೆ ಉಪ್ಪಿನ ಕಣವೇ ತೀರಾ ಸಣ್ಣದಾಗಿದ್ದರೆ ಕಳೆಗೆ ಕಳೆ ಸೇರಿಸಿದ ಹಾಗಾಗುತ್ತದೆ. ಯಾವ ಗಾತ್ರ, ಎಷ್ಟು ಉಪ್ಪು ಅನ್ನುವುದು ಆ ದಿನ ಆ ಗಾಳಿಯಲ್ಲಿ ಆಗಲೇ ಏನಿದೆ ಅನ್ನುವುದರ ಮೇಲೆ ನಿಂತಿದೆ. ಅದನ್ನು ಅಳೆಯದೆ ಟೆಂಡರ್ ಕರೆದರೆ ಗುತ್ತಿಗೆದಾರರು ಏನು ಮಾಡಿಯಾರು? ಹಾರಿದ ಗಂಟೆ ಎಣಿಸಿ ಬಿಲ್ ಕೊಡುತ್ತಾರೆ.

ಅಳೆದು ಮಾಡುವುದು ಆಗದ ಕೆಲಸವೇನಲ್ಲ. ನಮ್ಮ ವಿಜಯಪುರದಿಂದ ನೂರು ಕಿಲೋಮೀಟರ್ ಆಚೆ, ಸೊಲ್ಲಾಪುರದಲ್ಲೇ ಮಾಡಿದ್ದಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರ ಮಳೆಗಾಲದಲ್ಲಿ 276 ಮೋಡಗಳನ್ನು ಆರಿಸಿಕೊಂಡರು. ಯಾವುದಕ್ಕೆ ಬಿತ್ತಬೇಕು, ಯಾವುದನ್ನು ಹಾಗೇ ಬಿಡಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು, ನಮ್ಮ ಮನಸ್ಸಿಗೆ ಬಂದ ಒಳ್ಳೆ ಮೋಡಕ್ಕೇ ಬಿತ್ತಿ ‘ನೋಡಿ ಮಳೆ ಬಂತು’ ಅನ್ನಬಾರದಲ್ಲ. ಕಣ, ಹನಿ, ರೇಡಾರ್, ನೆಲದ ಮೇಲೆ ಮಳೆಮಾಪಕ, ಎಲ್ಲ ಒಟ್ಟಿಗೆ ಇಟ್ಟರು. ಗಾಳಿ ಹೋಗುವ ದಿಕ್ಕಿನ 100 ಚದರ ಕಿಲೋಮೀಟರಿನಲ್ಲಿ ಸರಾಸರಿ 18 ಪರ್ಸೆಂಟ್ ಹೆಚ್ಚು ಮಳೆ ಅಂತ ಬರೆದರು. ಸರಿಯಾದ ಮೋಡಕ್ಕೆ, ಸರಿಯಾದ ಹೊತ್ತಿಗೆ ಬಿತ್ತಿದಾಗ ಬಂದ ಅಂಕಿ ಅದು. ಮೋಡವೇ ಇಲ್ಲದ ಆಗಸ್ಟಿಗೆ ಅದು ಅನ್ವಯಿಸುವುದಿಲ್ಲ.

ಇನ್ನು ಇದಕ್ಕೆ ಹವಾಮಾನ ಬದಲಾವಣೆಯ ಕೊಂಡಿ ಇದೆ. ಇದು ಸ್ವಲ್ಪ ಇಕ್ಕಟ್ಟಿನ ವಿಷಯ, ಹಾಗಂತ ಮುಚ್ಚಿಡಲಾರೆ.

ಕಲ್ಲುಸಕ್ಕರೆ ತುಂಡನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಮಸುಕಾಗಿ ಕಾಣುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿದರೆ ಸುಣ್ಣದಷ್ಟು ಬೆಳ್ಳಗೆ, ಏನೂ ಕಾಣದು. ಸಕ್ಕರೆ ಅಷ್ಟೇ ಇದೆ, ತುಣುಕು ಜಾಸ್ತಿಯಾಯಿತು. ಒಂದೇ ನೀರು ಹೆಚ್ಚು ಹನಿಗಳಾಗಿ ಹಂಚಿಹೋದ ಮೋಡವೂ ಹಾಗೇ ಬೆಳ್ಳಗಾಗಿ ಬಿಸಿಲನ್ನು ವಾಪಸ್ ಕಳಿಸುತ್ತದೆ. ಶಾನ್ ಟೂಮಿ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ಹೇಳಿದ. ಅಂದರೆ ನಾವು ಬಿಟ್ಟ ಈ ಕಣಗಳು ಭೂಮಿಗೆ ಕೊಡೆ ಹಿಡಿದಿವೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2021ರ ವರದಿ ಪ್ರಕಾರ ಈ ಕೊಡೆ ಮುಚ್ಚಿಟ್ಟಿರುವ ಬಿಸಿ ಹೆಚ್ಚು ಕಡಿಮೆ ಅರ್ಧ ಡಿಗ್ರಿ. 2020ರ ಜನವರಿ 1ರಿಂದ ಹಡಗುಗಳ ಎಣ್ಣೆಯಲ್ಲಿ ಗಂಧಕದ ಮಿತಿಯನ್ನು 3.5ರಿಂದ 0.5 ಪರ್ಸೆಂಟಿಗೆ ಇಳಿಸಿದರು. ಸಮುದ್ರದ ಮೋಡಗಳ ಮೇಲೆ ಹಡಗಿನ ಹೊಗೆ ಎಳೆಯುತ್ತಿದ್ದ ಬಿಳಿ ಗೆರೆಗಳು ಉಪಗ್ರಹದ ಚಿತ್ರದಲ್ಲಿ ಕಮ್ಮಿಯಾದವು. ರಸಾಯನ ಬದಲಾದರೆ ಮೋಡ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ಹಾಗಾದರೆ ಗಂಧಕ ಇರಲಿ ಬಿಡಿ, ತಂಪು ಮಾಡುತ್ತದಲ್ಲ’ ಅನ್ನುವವರು ಈಗೀಗ ಜಾಸ್ತಿಯಾಗಿದ್ದಾರೆ. 2015ರ ಡಿಸೆಂಬರಿನಲ್ಲಿ ತಂದ ಗಂಧಕದ ನಿಯಮಕ್ಕೆ ಗಡುವು ಮುಂದೂಡುತ್ತಾ ಬಂದು, 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ದೇಶದ ಬಹುಪಾಲು ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕದ ಅನಿಲ ಹಿಡಿಯುವ ಯಂತ್ರದಿಂದ ವಿನಾಯಿತಿಯನ್ನೇ ಕೊಟ್ಟಿತು. ನನಗೆ ಇದು ಒಪ್ಪಿಗೆ ಇಲ್ಲ. ಈ ಕೊಡೆ ವಾರದೊಳಗೆ ಹರಿದುಹೋಗುತ್ತದೆ, ಕಣಗಳು ಗಾಳಿಯಲ್ಲಿ ಇರುವುದೇ ಅಷ್ಟು ದಿನ. ದಿನಾ ಹೊಸದು ಹಿಡಿಯಬೇಕು. ಅದೇ ಚಿಮಣಿಯ ಇಂಗಾಲದ ಡೈಆಕ್ಸೈಡ್ ಶತಮಾನ ಕಳೆದರೂ ಹೋಗುವುದಿಲ್ಲ. ಬಡ್ಡಿ ಕಟ್ಟಲು ಇನ್ನೊಂದು ಸಾಲ ಮಾಡಿದ ಹಾಗೆ. ಮೇಲಾಗಿ ಆ ನೆರಳಿಗೆ ನಾವು ಮಳೆಯಲ್ಲಿ ಬೆಲೆ ಕಟ್ಟಿದ್ದೇವೆ. ನೆಲಕ್ಕೆ ಬೀಳುವ ಬಿಸಿಲು ಕಮ್ಮಿಯಾದರೆ ಮುಂಗಾರನ್ನು ಎಳೆದು ತರುವ ಬಲವೂ ಕುಗ್ಗುತ್ತದೆ. 20ನೇ ಶತಮಾನದ ಎರಡನೇ ಅರ್ಧದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಸೊರಗಿದ್ದರಲ್ಲಿ ಈ ಕಣಗಳ ಪಾಲಿದೆ ಅಂತ ಅದೇ ಐಪಿಸಿಸಿ ಹೇಳುತ್ತದೆ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ಕಂದು ಮಬ್ಬು ಹರಡಿದ್ದನ್ನು ಅಳೆದು ಜಗತ್ತಿಗೆ ತೋರಿಸಿದ ತಂಡದ ಮುಂದಾಳು ವೀರಭದ್ರನ್ ರಾಮನಾಥನ್ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದವರು. ಈ ವಿದ್ಯೆ ನಮಗೆ ಪರದೇಶದ್ದೇನಲ್ಲ.

ಹಾಗಾಗಿ ತಮ್ಮಲ್ಲಿ ಕೇಳುವುದು ಇಷ್ಟು. ಮುಂದಿನ ಮೋಡ ಬಿತ್ತನೆಗೆ ಹಣ ಎತ್ತಿಡುವಾಗ ಅದರಲ್ಲಿ ಸಣ್ಣ ಪಾಲು ತೆಗೆದು ಮಳೆ ನೆರಳಿನ ನಾಡಿನಲ್ಲಿ ಒಂದು ಅಳತೆ ಕೇಂದ್ರ ಮಾಡಿ. ಮಹಾಬಲೇಶ್ವರದ ಬೆಟ್ಟದ ಮೇಲೆ ಪುಣೆಯವರು ಮೋಡದ ಪ್ರಯೋಗಾಲಯ ಇಟ್ಟು ಹತ್ತು ವರ್ಷದ ಮೇಲಾಯಿತು. ನಮಗೆ ಬೇಕಿರುವುದು ಬೆಟ್ಟದ ಈಚೆ, ರಾಯಚೂರೋ ಸುರಪುರವೋ ಸಿಂಧನೂರೋ, ಮೋಡ ಹಾದುಹೋಗುವ ಕಡೆ. ಅಲ್ಲಿ ಕಣಗಳ ಎಣಿಕೆ ಆಗಲಿ, ಅವು ಯಾವುದರಿಂದ ಆದವು ಅನ್ನುವುದು ಗೊತ್ತಾಗಲಿ, ಎಷ್ಟು ಕಣ ಹನಿಯಾಗಬಲ್ಲವು ಅಂತ ಅಳೆಯುವ ಯಂತ್ರ ಕೂರಲಿ. ಕನಿಷ್ಠ ಎರಡು ಮಳೆಗಾಲ. ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಜಾಗಕ್ಕೂ ಹುಡುಗರಿಗೂ ಕೊರತೆ ಇಲ್ಲ. ಬಿತ್ತನೆಯ ಟೆಂಡರಿನಲ್ಲಿ ಚೀಟಿ ಎತ್ತುವ ಷರತ್ತು ಹಾಕಿ, ಬಿತ್ತದ ಮೋಡದ ಲೆಕ್ಕವನ್ನೂ ಕೇಳಿ. ಬಿಲ್ಲಿನ ಜೊತೆಗೆ ಆ ಲೆಕ್ಕವೂ ಜನರ ಕೈಗೆ ಸಿಗಲಿ. ಕಲ್ಲಿದ್ದಲು ಸ್ಥಾವರಗಳ ವಿಷಯದಲ್ಲಿ ಕೇಂದ್ರ ವಿನಾಯಿತಿ ಕೊಟ್ಟ ಮಾತ್ರಕ್ಕೆ ರಾಜ್ಯ ಕೈಕಟ್ಟಿ ಕೂರಬೇಕಿಲ್ಲ. ನಮ್ಮದೇ ವಿದ್ಯುತ್ ನಿಗಮದ ಚಿಮಣಿಗಳಿಂದ ಗಂಧಕ ಎಷ್ಟು ಹೋಗುತ್ತಿದೆ ಅನ್ನುವುದನ್ನು ಮಳೆಯ ಅಂಕಿಯ ಹಾಗೆ ದಿನಾ ಪ್ರಕಟಿಸಿ ಶುರುಮಾಡಬಹುದು.

ಉತ್ತರ ಬರೆಯುವುದಾದರೆ ದಯವಿಟ್ಟು ಕನ್ನಡದಲ್ಲೇ ಬರೆಯಿರಿ. ಶಾಲೆಯಲ್ಲಿ ಈಗಿನ ಮಾಸ್ತರರು ಬಾಟಲಿ ಪ್ರಯೋಗ ಮುಂದುವರಿಸಿದ್ದಾರೆ. ಹೊಗೆ ಜಾಸ್ತಿ ಬಿಟ್ಟರೆ ಮಳೆ ಜಾಸ್ತಿ ಬರುತ್ತದೆಯಾ ಅಂತ ಈ ವರ್ಷವೂ ಯಾರಾದರೂ ಕೇಳಿಯೇ ಕೇಳುತ್ತಾರೆ. ತಮ್ಮ ಪತ್ರವನ್ನು ಅವರಿಗೆ ಓದಿ ಹೇಳಬೇಕು.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ರಾಯಚೂರು ಜಿಲ್ಲೆ